ತುಂಗೆಯಲ್ಲಿ ಮುಳುಗಿದ ಜ್ವರ

ತೀರ್ಥಹಳ್ಳಿಯ ಡಾಕ್ಟರ ಜಗಲಿಯಲ್ಲಿ ಹಲ್ಲುನೋವಿನ ಕೆನ್ನೆ ಹಿಡಿದು ಕೂತಿದ್ದ ಸುಬ್ಬಯ್ಯ ಮೇಷ್ಟ್ರಿಗೆ, ಔಷಧ ಸಿಗುವ ಮೊದಲೇ ಪಕ್ಕದ ಬೆಂಚಿನ ಜಗಳ ನೋವು ಮರೆಸಿತು. ಒದ್ದೆ ಸೀರೆಯಲ್ಲಿ ನಡುಗುತ್ತಿದ್ದ ಪುಷ್ಪಮ್ಮನ ಒಂದು ಪಕ್ಕ ಗಂಡ ಬೆಳ್ಳಪ್ಪ, ಇನ್ನೊಂದು ಪಕ್ಕ ಅಣ್ಣ ಜಟ್ಟಿಂಗಪ್ಪ.

“ಜ್ವರ ಇಲ್ಲ ಅಂತ ಕಂಪೌಂಡರ್ ಹೇಳಿದ್ನಲ್ಲ. ಏಳೇ, ಮಂಡಗದ್ದೆ ಬಸ್ಸಿಗೆ ಹೊತ್ತಾಯ್ತು” ಎಂದ ಗಂಡ.

“ಮೂರು ದಿನದಿಂದ ಇವಳ ಮೈ ಕೆಂಡ ಆಗಿತ್ತಲ್ಲ ಭಾವ, ಆ ಜ್ವರ ಎಲ್ಲಿಗೆ ಹೋಯ್ತು?”

“ಥರ್ಮಾಮೀಟರ್ ಸುಳ್ಳು ಹೇಳುತ್ತೇನೋ? ತೊಂಬತ್ತೇಳು ತೋರಿಸ್ತು.”

“ಇಲ್ಲಿಗೆ ಬರೋ ಮುಂಚೆ ಹೊಳೇಲಿ ಮೂರು ಸಲ ಮುಳುಗಿಸಿದ್ದು ನೀವೇ ತಾನೆ?”

“ತೀರ್ಥಹಳ್ಳಿಗೆ ಬಂದು ತುಂಗೇಲಿ ಮೀಯದೆ ಹೋಗೋ ಪದ್ಧತಿ ನಮ್ಮ ಮನೇಲಿಲ್ಲ.”

“ಕಾದ ಕಾವಲಿಯನ್ನ ನೀರಲ್ಲಿ ಅದ್ದಿ, ಆಮೇಲೆ ಮುಟ್ಟಿ ನೋಡಿ, ಒಲೇನೇ ಹೊತ್ತಿಲ್ಲ ಅಂತೀರಲ್ಲ!”

“ಗದ್ದೆ ಕೊಯ್ಲು ಶುರುವಾದ ಕೂಡ್ಲೇ ನಿನ್ನ ತಂಗಿಗೆ ಜ್ವರ ಬರುತ್ತೆ. ನಂಗೆ ಗೊತ್ತಿಲ್ವಾ?”

“ನಿಮ್ಮ ಕೊಯ್ಲಿಗೆ ಬೆಂಕಿ ಬೀಳ! ಇವಳು ಸತ್ತರೂ ಕತ್ತಿ ಕೈಗೆ ಕೊಟ್ಟೇ ಹೊರಡಿಸ್ತೀರಿ.”

“ನಾಲಿಗೆ ಬಿಗಿ ಹಿಡಿ, ಜಟ್ಟಿಂಗ!”

ಮೇಷ್ಟ್ರ ಕೈ ಕೆನ್ನೆಯಿಂದ ಜಾರಿತು. ಅಷ್ಟರಲ್ಲಿ ಪುಷ್ಪಮ್ಮ ಬೆಂಚು ಹಿಡಿದು ಎದ್ದಳು. ಇಬ್ಬರ ಮುಖವನ್ನೂ ನೋಡದೆ ಹೋಗಿ ಡಾಕ್ಟರ ಕೋಣೆಯ ಪರದೆ ಸರಿಸಿದಳು.

“ಡಾಕ್ಟ್ರೇ, ಕಂಪೌಂಡರ್ ಥರ್ಮಾಮೀಟರ್ ಇಟ್ಟಾಗ ಕಂಕುಳು ಒದ್ದೆಯಿತ್ತು. ಇನ್ನೊಂದ್ಸಲ ಬಾಯಲ್ಲಿಟ್ಟು ನೋಡಿ. ಎಷ್ಟು ತೋರಿಸ್ತು ಅಂತ ಅವರಿಬ್ಬರಿಗೂ ಹೇಳಬೇಡಿ. ನಂಗೆ ಹೇಳಿ.”