ಹೊಲಿಯುವ ಮೊದಲು ಹಾಕಬೇಕಾದ ಔಷಧಿ

ಕೊಚಬಾಂಬಾದ ಆಸ್ಪತ್ರೆಯಲ್ಲಿ, ಆಪರೇಷನ್ ಕೋಣೆಯ ಹೊರಗಿನ ಬೆಂಚಿನ ಮೇಲೆ ನನ್ನ ಪಕ್ಕ ನಿಕನೋರಾ ಎಂಬಾಕೆ ಕೂತಿದ್ದಳು. ಒಳಗಿದ್ದದ್ದು ಅವಳ ಮಗಳು ಯೋವಾನಾ. ಆಗಷ್ಟೇ ನಿಕನೋರಾಳ ನಾದಿನಿ ದೆಲ್ಮಿರಾ ಬಂದಳು. ಕಿವಿಗೆ ಬಿದ್ದಷ್ಟನ್ನೇ ಬರೆದಿದ್ದೇನೆ. ಒಂದೆರಡು ಪದ ತಪ್ಪಿರಲೂಬಹುದು.

“ಔಷಧಿ ಒಳಗೆ ಕೊಟ್ಯಾ ಅತ್ತಿಗೆ?”

“ಇಲ್ಲೇ ಇದೆ.”

“ಅಯ್ಯೋ! ಬೆಳಿಗ್ಗೆ ಏಳಕ್ಕೇ ಅಂಗಡಿಯಿಂದ ತಂದಿದ್ಯಲ್ಲ!”

“ಉರ್ಕುಪಿನ್ಯಾ ಮಾತೆಯ ಇಗರ್ಜಿಗೆ ಹೋಗಿದ್ದೆ. ಪಾದ್ರಿ ಸೀಸೆಗೆ ತೀರ್ಥ ಚಿಮುಕಿಸೋದು ತಡ ಆಯ್ತು.”

“ಹೊಟ್ಟೆ ಹೊಲಿಯೋ ಮುಂಚೆ ಕರುಳಿನ ಮೇಲೆ ಸುರೀಬೇಕು, ಇಲ್ದಿದ್ರೆ ಮತ್ತೆ ಒಂದಕ್ಕೊಂದು ಅಂಟ್ಕೊಳ್ಳುತ್ತೆ ಅಂತ ಡಾಕ್ಟ್ರು ಬಡ್ಕೊಂಡಿದ್ರು!”

“ಹಿಂದೆ ಎರಡು ಸಲ ಆಶೀರ್ವಾದ ಇಲ್ದೆ ಕೊಯ್ಸಿದ್ವಿ, ಎರಡು ಸಲಾನೂ ಅಂಟ್ಕೊಳ್ತು. ಅದಕ್ಕೇ ಹೋದೆ ಕಣೆ.”

“ಈಗ್ಲಾದ್ರೂ ಕೊಡು, ಏಳು!”

“ಕೊಡೋಕೆ ಹೋದೆ. ಹೊಲಿದಾಯ್ತು ಅಂತ ನರ್ಸು ತಗೊಳ್ಳಲಿಲ್ಲ.”

“ಯೋವಾನಾಗೆ ಏನು ಹೇಳ್ತೀಯ?”

ಅಷ್ಟರಲ್ಲಿ ಬಾಗಿಲು ತೆರೆಯಿತು. ಗಾಲಿಮಂಚದ ಮೇಲೆ ಮಗಳು ಅರೆಗಣ್ಣು ಬಿಟ್ಟಳು.

“ಅಮ್ಮಾ, ಆ ಔಷಧಿ ಹಾಕಿದ್ರಾ?”

ತಾಯಿ ಸೀಸೆಯನ್ನು ಶಾಲಿನೊಳಗೆ ಸರಿಸಿದಳು.

“ಹಾಕಿದ್ರು ಕಂದಾ, ಒಂದು ತೊಟ್ಟೂ ಬಿಡದೆ ಹಾಕಿದ್ರು,” ಎಂದಳು ದೆಲ್ಮಿರಾ.

ಇಬ್ಬರೂ ಮಂಚದ ಎರಡು ಬದಿ ಹಿಡಿದು ವಾರ್ಡಿನ ಕಡೆ ನಡೆದರು.