ಬಾಗಿಲ ಸಂದಿನ ಕೇಬಲ್

ನಗುವವರು ಈಗಲೇ ನಕ್ಕು ಮುಗಿಸಿ. ನಡುವೆ ಹಲ್ಲು ಕಿಸಿದರೆ ನಾನು ಎದ್ದು ಹೋಗುವವನೇ.

ಹೋದ ಆಟಿ ತಿಂಗಳು, ನಮ್ಮ ತುಳುವರ ಮಳೆಗಾಲದ ತಿಂಗಳು. ಠಾಣೆ ಊರಿನ ಹೋಟೆಲಿನಲ್ಲಿ ಗಲ್ಲಾ ಮುಚ್ಚಿ, ಕೊನೇ ಲೋಕಲ್ ರೈಲಿನಲ್ಲಿ ಬಂದು ಡೊಂಬಿವಲಿಯಲ್ಲಿ ಇಳಿದು, ನಡೆದು ಬರ್ತಾ ಇದ್ದೆ. ನಮ್ಮ ಸೊಸೈಟಿಯ ಹಿಂದೆ ಒಂದು ಹಳೇ ಬಾವಿ ಉಂಟು, ಮೇಲೆ ಕಬ್ಬಿಣದ ಜಾಳಿ. ಮಳೆ ನಿಂತಿತ್ತು. ಜಾಳಿಯಿಂದ ನೀರು ಒಳಗೆ ಬೀಳ್ತಾ ಇತ್ತು... ಟಪ್... ಟಪ್. ಅದರ ಪಕ್ಕ ಬಿಳಿ ಬಟ್ಟೆಯಲ್ಲಿ ಯಾರೋ ನಿಂತಿದ್ದರು.

ನಾನು ಎರಡು ಹೆಜ್ಜೆ ಹಿಂದೆ ಸರಿದೆ. ನೋಡಿದರೆ ನಮ್ಮ ಪಕ್ಕದ ಮನೆಯ ಹರಿಣಾಕ್ಷಿಯಕ್ಕ, ನೈಟಿಯಲ್ಲಿ.

"ಶೇಖರಣ್ಣ, ನಿಮ್ಮನ್ನೇ ಕಾಯ್ತಾ ಇದ್ದೆ. ಮೇಲೆ ಬನ್ನಿ. ಮಗಳು ಅಳ್ತಾ ಇದ್ದಾಳೆ."

ಅವರ ಗಂಡ ಹರಿಶ್ಚಂದ್ರಣ್ಣ ತೀರಿಹೋಗಿ ವರ್ಷವಾಗಿತ್ತು. ಮಗಳು ಚೈತನ್ಯಾ ಮನೆಯಲ್ಲೇ ಕೂತು ಮಾಡುವ ಕೆಲಸದಿಂದ ಸಂಸಾರ ನಡೀತಾ ಇತ್ತು. ಕಂಪನಿಯವರೇ ಕೊಟ್ಟ ಕಂಪ್ಯೂಟರು, ಅದಕ್ಕೆ ವೈಫೈ ಹಿಡಿಯುವುದಿಲ್ಲ. ಹಾಲಿನಲ್ಲಿದ್ದ ರೌಟರಿನಿಂದ ಕೇಬಲ್ ಎಳೆದು, ಬಾಗಿಲು ದಾಟಿಸಿ ಬೆಡ್‌ರೂಮಿಗೆ ಹಾಕಿದ್ದರು. ಫೈಲುಗಳನ್ನು ಆ ಕಂಪ್ಯೂಟರಿನಲ್ಲೇ ಇಳಿಸಬೇಕು, ಬೇರೆಲ್ಲೂ ತೆರೆಯುವುದಿಲ್ಲ.

ಆ ಕಂಪ್ಯೂಟರಿಗೆ ಏನೋ ಬಡಿದಿತ್ತು. ಮನೆಯ ಫೋನುಗಳಲ್ಲಿ ಸಿನಿಮಾ ಸಲೀಸಾಗಿ ಓಡ್ತಿತ್ತು, ಇದರಲ್ಲಿ ಮಾತ್ರ ಫೈಲು ಇಳಿಯುವುದೇ ಇಲ್ಲ. ಇಂಟರ್ನೆಟ್‌ನವನು ಬಂದು ರೌಟರ್ ಬದಲಿಸಿದ. ಕೇಬಲ್ ಬದಲಿಸಿದ. ಅದೇ ಕೇಬಲ್ ತನ್ನ ಲ್ಯಾಪ್‌ಟಾಪಿಗೆ ಚುಚ್ಚಿದರೆ ಝುಮ್ಮಂತ ಇಳಿಯಿತು! ಕಂಪನಿಯವರು ಕಂಪ್ಯೂಟರನ್ನು ಪೂರ್ತಿ ಅಳಿಸಿ ಹೊಸದಾಗಿ ಮಾಡಿಕೊಟ್ಟರು. ಊಹೂಂ. ಕೊನೆಗೆ ಅವರೂ ಬೇಸತ್ತು ಹೇಳಿದ್ದರು, ಈ ಸಲದ ಫೈಲು ಬೆಳಿಗ್ಗೆ ಮುಗಿಸಿ ಕಳಿಸದಿದ್ದರೆ ಕೆಲಸ ಇಲ್ಲ ಅಂತ.

ನಾನು ಹೋಗುವಾಗ ಅರ್ಧ ಇಳಿದು ನಿಂತಿತ್ತು. ಚೈತನ್ಯಾ ಕೆನ್ನೆ ಒರೆಸಿಕೊಳ್ತಾ ಪರದೆ ನೋಡ್ತಾ ಇದ್ದಳು.

"ಇದು ಶುರುವಾದದ್ದು ಇವರಿಗೆ ಬಡಿಸಿದ ದಿನದಿಂದ," ಹರಿಣಾಕ್ಷಿಯಕ್ಕ ಗಂಡನ ಫೋಟೋ ಕಡೆ ನೋಡಿ ಪಿಸುಗುಟ್ಟಿದರು.

ಆಟಿಯಲ್ಲಿ ಸತ್ತವರಿಗೆ ಎಲೆ ಹಾಕಿ ಬಡಿಸುವುದು ನಮ್ಮಲ್ಲಿ ಕ್ರಮ. ಬಡಿಸಿ, ಬಾಗಿಲು ಹಾಕಿ, ಹೊರಗೆ ಕೂರಬೇಕು. ಅವರು ಉಣ್ಣುವುದನ್ನು ಯಾರೂ ನೋಡಬಾರದು. ಇವರು ಬಡಿಸಿದ್ದು ಬೆಡ್‌ರೂಮಿನಲ್ಲೇ, ಆ ದಿನ ಮಗಳಿಗೆ ಡ್ಯೂಟಿ, ಕೇಬಲ್ ತೆಗೆಯುವ ಹಾಗಿರಲಿಲ್ಲ. ಕೇಬಲ್ ಅಡ್ಡ ಇತ್ತು ಅಂತ ಬಾಗಿಲನ್ನು ಓರೆ ಮಾಡಿ ಬಿಟ್ಟಿದ್ದರಂತೆ.

"ಉಣ್ಣದೆ ನಿಂತಿದ್ದಾರೆ ಶೇಖರಣ್ಣ. ಕೇಬಲ್ ತೆಗೆದು, ಬಾಗಿಲು ಸರಿಯಾಗಿ ಹಾಕಿ, ಇವತ್ತು ಪುನಃ ಬಡಿಸ್ತೇನೆ."

"ಮಮ್ಮೀ, ಪ್ಲೀಸ್... ಕೇಬಲ್ ನಿಕಾಲಾ ತೋ ಸಬ್ ಫಿರ್‌ಸೇ! ನೌಕ್ರಿ ಜಾಯೇಗೀ!" ಕೇಬಲ್ ತೆಗೆದರೆ ಎಲ್ಲ ಮೊದಲಿಂದ, ಕೆಲಸವೇ ಹೋಗ್ತದೆ ಅಂತ ಹುಡುಗಿ ಹಿಂದಿಯಲ್ಲಿ ಗೋಗರೆದಳು.

ನನಗೂ ಸಿಟ್ಟು ಬಂತು. ಇಳಿದ ಅರ್ಧವನ್ನೂ ಕಳೀತೀರಾ, ನಿಮಗೆ ತಲೆ ಸರಿ ಉಂಟಾ ಅಂತ ಬೈದೆ. ಹರಿಣಾಕ್ಷಿಯಕ್ಕ ಬಾಳೆಲೆ ಹಿಡಿದು ಬಾಗಿಲಲ್ಲಿ ನಿಂತೇ ಇದ್ದರು. ಕೊನೆಗೆ ಹುಡುಗಿಯೇ ಎದ್ದಳು. ಟಿಕ್... ಕೇಬಲ್ ಕಿತ್ತು ತಂದು ನನ್ನ ಕೈಗೆ ಕೊಟ್ಟಳು. ಪರದೆಯ ಮೇಲೆ ಕೆಂಪಕ್ಷರ ಬಂತು. ಅವಳು ಬಿಕ್ಕಿ ಬಿಕ್ಕಿ ಅತ್ತಳು.

ಕುಚ್ಚಲಕ್ಕಿ ಅನ್ನ, ಕೋಳಿ ಸಾರು, ಒಂದು ಲೋಟ ನೀರು. "ಬಲೆ... ಉಣ್ಲೆ" ಅಂತ ತುಳುವಿನಲ್ಲಿ ಗಂಡನನ್ನು ಊಟಕ್ಕೆ ಕರೆದು, ಅಕ್ಕ ಬಾಗಿಲು ಹಾಕಿದರು. ಕಟಕ್.

ನಾವು ಮೂವರೂ ಹಾಲಿನಲ್ಲಿ ಕೂತೆವು. ಒಳಗೆ ಕಂಪ್ಯೂಟರಿನ ಫ್ಯಾನು... ಗುಂಯ್... ಆಮೇಲೆ ಸ್ಟೀಲು ಲೋಟ ಟೈಲ್ಸಿನ ಮೇಲೆ ಸರಿಯಿತು. ಕರ್‌ರ್...

"ಪಪ್ಪಾ?" ಅಂದಳು ಚೈತನ್ಯಾ, ಉಸಿರಿನಲ್ಲಿ.

"ಶ್... ಉಣ್ಲಿ," ಅಂದರು ಅಕ್ಕ.

ಸದ್ದು ನಿಂತ ಮೇಲೆ ಅಕ್ಕ ಬಾಗಿಲು ತಟ್ಟಿ ಒಳಗೆ ಹೋದರು. ಎಲೆಯ ಮೇಲೆ ಬಡಿಸಿದ್ದು ಬಡಿಸಿದ ಹಾಗೇ ಇತ್ತು. ಚೈತನ್ಯಾ ಪರದೆ ನೋಡಿ ಅಲ್ಲೇ ನೆಲಕ್ಕೆ ಕುಸಿದಳು.

ಫೈಲು ಪೂರ್ತಿ ಇಳಿದಿತ್ತು.

ಅವಳು ತೆರೆದು ಒಂದೊಂದೇ ಪುಟ ನೋಡಿದಳು, ಏನೂ ಕೆಟ್ಟಿರಲಿಲ್ಲ. ಬೆಳಿಗ್ಗೆ ಮುಗಿಸಿ ಕಳಿಸಿದಳು. ಕೆಲಸ ಉಳಿಯಿತು, ಈಗಲೂ ಅದೇ ಕೆಲಸ.

ನಂಬದವರು ಹೋಗಿ ಅವರನ್ನೇ ಕೇಳಿ. ಅವಳು ಪರದೆ ನೋಡಿ ಕುಸಿದಾಗ ಕೇಬಲ್ ಇನ್ನೂ ನನ್ನ ಕೈಯಲ್ಲೇ ಇತ್ತು.