ಹುಳುಮನೆ ಬಾಗಿಲ ಬಕೆಟ್ಟು

ದೆವ್ವ ಅಂದರೆ ನಗೋರು ಒಸಿ ಬಾಯಿ ಮುಚ್ಚಿಕೊಂಡು ಕೇಳಿ. ಕೆಂಗಲ್ ಹತ್ರ ಕೊಳ್ಳಿದೆವ್ವದ ಬೆಂಕೀಲಿ ಬೀಡಿ ಹಚ್ಚಿಕೊಂಡವನು ನಾನು. ಸುಳ್ಳು ಹೇಳೋ ಗರಜು ನನಗಿಲ್ಲ. ಇದು ನಮ್ಮ ಅಕ್ಕನ ಮಗ ಮನೋಹರನಿಗೆ ಹೋದ ಚಳಿಗಾಲದಲ್ಲಿ ಆಗಿದ್ದು.

ಸರಿರಾತ್ರಿ. ಅಕ್ಕೂರಿನ ಹಳೇ ಬಾವಿ ಪಕ್ಕ ಮನೋಹರ ಲ್ಯಾಪ್‌ಟಾಪ್ ಬ್ಯಾಗು ತಬ್ಬಿಕೊಂಡು ನಡೀತಿದ್ದ. ಹೆಣ್ಣು ಕೊಟ್ಟ ಮಾವ ಮರಿಯಪ್ಪನ ರೇಷ್ಮೆ ಹುಳುಮನೆಗೆ ಬೆಚ್ಚಗಿಡೋ ಡಬ್ಬಿ ಮಾಡಿ ಕೂರಿಸಿದ್ದವನು ಅವನೇ. ಹೀಟರು ಯಾವಾಗ ಹತ್ತಬೇಕು, ಆರಬೇಕು, ಎಲ್ಲ ಡಬ್ಬಿಯ ಉಸ್ತುವಾರಿ. ಆದರೆ ಕರೆಂಟು ಹೋಗಿ ಬಂದರೆ ಸಾಕು, ಹೇಳಿದ್ದೆಲ್ಲ ಮರೆತು ತಣ್ಣಗೆ ಕೂರೋದು. ತಪ್ಪಿದ್ದದ್ದು ಡಬ್ಬಿ ನಡೆಸೋ ಮೂಲ ಸಾಫ್ಟ್‌ವೇರು ಕರ್ನಲ್ ಒಳಗೆ, ಕರೆಂಟು ಹೋದರೂ ನೆನಪಿಡೋ ಫ್ಲ್ಯಾಶ್ ಮೆಮೊರಿ ಚಿಪ್ಪಿಗೆ ಬರೆಯೋ ಡ್ರೈವರ್ ಕೋಡಿನಲ್ಲಿ. ಆ ಚಿಪ್ಪು ಸ್ಲೇಟಿದ್ದಂಗೆ. ಹಳೇದು ಅಳಿಸಿಯೇ ಹೊಸದು ಬರೀಬೇಕು. ಅಳಿಸ್ತಾನೆ, ಬರೀತಾನೆ, ಓದಿದರೆ ಕಲಸುಮೇಲೋಗರ. ವಾರದಿಂದ ಇದೇ ಗೋಳು. ತಲೆ ಕೆಟ್ಟು ಕೆರ ಹಿಡಿದಿತ್ತು.

ಹುಳ ಪೊರೆ ಬಿಡೋ ನಾಲ್ಕನೇ ಜ್ವರ ಮುಗಿಸಿ ಎದ್ದಿದ್ದವು. ಮೂಳೆ ಕೊರೆಯೋ ಚಳಿ. ಇವತ್ತೂ ಡಬ್ಬಿ ಮರೆತರೆ ಬೆಳೆ ಪೂರ್ತಿ ಸೆಟೆದುಕೊಳ್ಳೋದು. "ಆಮೇಲೆ ನಿಮ್ ಡಬ್ಬಿ ಬಾವಿಗೆ, ಅಳಿಯಂದ್ರೇ" ಅಂದಿದ್ದ ಮರಿಯಪ್ಪ.

ಕೀಂಯ್... ಕೀಂಯ್...

ಬಾವಿ ರಾಟೆ. ಮನೋಹರ ತಿರುಗಿ ನೋಡಲಿಲ್ಲ.

ಹುಳುಮನೆ ಬಾಗಿಲಲ್ಲಿ ಬಕೆಟ್ ತುಂಬ ನೀರಿತ್ತು. ಕಾಲು ತೊಳೆದು, ಒಣಗಿಸಿಕೊಂಡೇ ಒಳಕ್ಕೆ ಹೋಗಬೇಕು, ಹುಳಕ್ಕೆ ತ್ಯಾವ ಆಗದು... ಇದು ಮರಿಯಪ್ಪನ ಸತ್ತ ಅವ್ವ ವೆಂಕಟಲಕ್ಷ್ಮಮ್ಮನ ಕಟ್ಟಳೆ. ಇವನಿಗೆಲ್ಲಿ ಅಷ್ಟು ತಾಳ್ಮೆ. ಬಳಬಳ ಸುರಿದುಕೊಂಡು ಹೆಜ್ಜೆ ಇಟ್ಟೇಬಿಟ್ಟ.

ಹುಳ ಸೊಪ್ಪು ಮೇಯೋ ಸದ್ದು, ಜಿನುಗು ಮಳೆಯಂಗೆ, ಚರಚರ... ಟಕ್ಕನೆ ನಿಂತಿತು.

ಕಿವಿ ಪಕ್ಕದಲ್ಲೇ ಪಿಸುಮಾತು.

"ಒದ್ದೆಕಾಲಲ್ಲಿ ಬತ್ತೀಯಾ? ಒಸಿ ತಡಿಯಪ್ಪ..."

"ಯಾರು?"

"ಒಣಗ್ಲಿ..."

ಇಟ್ಟ ಹೆಜ್ಜೆ ಹಿಂದಕ್ಕೆ ತಗೊಂಡು ಹೊಸ್ತಿಲಲ್ಲೇ ನಿಂತ. ನಿಂತಲ್ಲೇ ಹೊಳೀತು. ಅಳಿಸು ಅಂತ ಚಿಪ್ಪಿಗೆ ಹೇಳಿದ್ದೇ ತಡ, ಅವನ ಕೋಡು ಬರೆಯೋಕೆ ಶುರು ಮಾಡ್ತಿತ್ತು. ಅಳಿಸಿ ಮುಗೀತಾ ಅಂತ ಕೇಳ್ತಾನೇ ಇರಲಿಲ್ಲ. ಒದ್ದೆ ಸ್ಲೇಟಿನ ಮೇಲೆ ಬಳಪ.

ಕಾಲು ಒಣಗಿದ ಮೇಲೆ ಒಳಗೆ ಹೋಗಿ ಕೂತ. ಮುಗಿಯೋವರೆಗೂ ತಡಿ ಅಂತ ನಾಲ್ಕು ಸಾಲು ಸೇರಿಸಿ ಡಬ್ಬಿಗೆ ತುಂಬಿದ. ಅಷ್ಟರಲ್ಲೇ ಕರೆಂಟು ಹೋಯ್ತು... ಬಂತು. ಟಿಕ್. ಹೀಟರು ತಾನೇ ಹತ್ತಿತು. ಚರಚರ, ಹುಳ ಮತ್ತೆ ಮೇಯತೊಡಗಿದವು.

ಬೆಳಗ್ಗೆ ಮರಿಯಪ್ಪ ಹುಳ ನೋಡಲಿಲ್ಲ, ಬಕೆಟ್ ನೋಡಿದ. ನೀರು ಯಾರು ತಂದಿಟ್ಟದ್ದು ಅಂತ ಕೇಳಿದ. ಬೋರ್ ಕೆಟ್ಟು ನಲ್ಲೀಲಿ ತೊಟ್ಟು ನೀರಿರಲಿಲ್ಲ. ರಾತ್ರಿ ಬಕೆಟ್ ಬೋರಲು ಹಾಕಿ ಹೋಗಿದ್ದವನು ಅವನೇ. ಹಳೇ ಬಾವಿ ರಾಟೆಗೆ ವೆಂಕಟಲಕ್ಷ್ಮಮ್ಮ ಹೋದ ಮೇಲೆ ಹಗ್ಗಾನೇ ಇಲ್ಲ.

ನಂಬದಿದ್ರೆ ಬಿಡಿ. ಸುದ್ದಿ ಕೇಳಿ ಅವತ್ತೇ ಹೋಗಿ ಆ ಬಕೆಟ್ಟಿಗೆ ನಾನೇ ಕೈ ಹಾಕಿ ನೋಡಿದ್ದೀನಿ. ತಳದಲ್ಲಿ ಇನ್ನೂ ಒಂದು ಚೊಂಬಷ್ಟು ನೀರಿತ್ತು. ಪಾಚಿ ವಾಸನೆ.